ಜೊಸಾಯಾ ವಿಲ್ಲರ್ಡ್ ಗಿಬ್ಸ್

ಜೊಸಾಯಾ ವಿಲ್ಲರ್ಡ್ ಗಿಬ್ಸ್ (11 ಫೆಬ್ರವರಿ 1839 – 28 ಏಪ್ರಿಲ್ 1903) ಅಮೆರಿಕ ಸಂಯುಕ್ತ ಸಂಸ್ಥಾನದ ಭೌತವಿಜ್ಞಾನಿ ಮತ್ತು ಗಣಿತಜ್ಞರು. ಉಷ್ಣಬಲವಿಜ್ಞಾನ, ಭೌತ ರಸಾಯನವಿಜ್ಞಾನ, ಸದಿಶ ಗಣಿತ ಹಾಗೂ ಸಂಖ್ಯಾಕಲನಾತ್ಮಕ ಬಲವಿಜ್ಞಾನಗಳಿಗೆ ಇವರು ಮೂಲಭೂತ ಕೊಡುಗೆ ನೀಡಿದ್ದಾರೆ. ವಸ್ತುವಿನ ಗುಣಗಳನ್ನು ಮೂರು ಅಕ್ಷಗಳ ಮೇಲೆ ನಿಲ್ಲಿಸಿ ಒಂದು ಮೇಲ್ಮೈಯಾಗಿ ಕಾಣುವ ವಿಧಾನವನ್ನು 1873ರಲ್ಲಿ ರೂಪಿಸಿದರು. ಯಾವ ಅಕ್ಷದ ಮೇಲೆ ಯಾವ ಪರಿಮಾಣವಿರಬೇಕು, ಆ ಮೇಲ್ಮೈಯನ್ನು ಯಾವ ದಿಕ್ಕಿನಿಂದ ನೋಡಿದರೆ ಯಾವ ರೇಖೆಗಳು ತೋರುತ್ತವೆ ಎಂಬ ಪ್ರಶ್ನೆಗಳು ಅವರ ಮುಂದಿನ ಕೆಲಸಕ್ಕೆಲ್ಲ ತಳಹದಿಯಾದವು.

ಜನನ ಮತ್ತು ಶಿಕ್ಷಣ

ಗಿಬ್ಸ್ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ನಗರದಲ್ಲಿ ಜನಿಸಿದರು. ಐವರು ಮಕ್ಕಳಲ್ಲಿ ಅವರೊಬ್ಬರೇ ಗಂಡುಮಗು. ಅದೇ ಹೆಸರಿನ ತಂದೆ ಯೇಲ್‌ನಲ್ಲಿ ಧರ್ಮಶಾಸ್ತ್ರ ವಿಭಾಗದ ಪ್ರಾಧ್ಯಾಪಕರೂ ಭಾಷಾವಿದ್ವಾಂಸರೂ ಆಗಿದ್ದರು. ಆಮಿಸ್ಟಾಡ್ ಹಡಗಿನಲ್ಲಿ ಸೆರೆಸಿಕ್ಕ ಆಫ್ರಿಕನ್ನರಿಂದ ಅವರ ಭಾಷೆಯ ಎಣಿಕೆಯ ಪದಗಳನ್ನು ಕಲಿತು, ಅವನ್ನು ಬಂದರಿನಲ್ಲಿ ಗಟ್ಟಿಯಾಗಿ ಹೇಳುತ್ತ ನಡೆದು, ಅರ್ಥವಾಗುವ ದುಭಾಷಿಯೊಬ್ಬನನ್ನು ಪತ್ತೆಹಚ್ಚಿದವರು ಅವರೇ.

ಮಗ ಗಿಬ್ಸ್ 1854ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ ಯೇಲ್ ಸೇರಿ 1858ರಲ್ಲಿ ಪದವಿ ಪಡೆದರು. ಗಣಿತ ಮತ್ತು ಲ್ಯಾಟಿನ್ ಎರಡರಲ್ಲೂ ಅವರಿಗೆ ಬಹುಮಾನಗಳು ಬಂದವು. ಹಲ್ಲುಗಾಲಿಗಳ ಹಲ್ಲಿನ ಆಕಾರದ ಕುರಿತ ಪ್ರಬಂಧಕ್ಕೆ 1863ರಲ್ಲಿ ಡಾಕ್ಟರೇಟ್ ದೊರೆಯಿತು. ಎಂಜಿನಿಯರಿಂಗ್ ವಿಷಯದಲ್ಲಿ ಅಮೆರಿಕ ನೀಡಿದ ಮೊದಲ ಡಾಕ್ಟರೇಟ್ ಅದು. ಒಂದು ಚಲಿಸುವ ಘನವಸ್ತು ಇನ್ನೊಂದನ್ನು ಎಲ್ಲಿ ತಾಗುತ್ತದೆ ಎಂಬುದೇ ಆ ಪ್ರಬಂಧದ ಪ್ರಶ್ನೆಯಾಗಿತ್ತು. ಹತ್ತು ವರ್ಷಗಳ ಬಳಿಕ ಅದೇ ಬಗೆಯ ರೇಖಾಗಣಿತ ಬೇರೊಂದು ವೇಷದಲ್ಲಿ ಮರಳಿತು. 1866ರಲ್ಲಿ ರೈಲುಬಂಡಿಯ ಬ್ರೇಕಿಗೆ ಪೇಟೆಂಟ್ ಪಡೆದು, ಅದೇ ವರ್ಷ ಯೂರೋಪಿಗೆ ತೆರಳಿದರು. ಪ್ಯಾರಿಸ್, ಬರ್ಲಿನ್ ಮತ್ತು ಹೈಡೆಲ್‌ಬರ್ಗ್‌ಗಳಲ್ಲಿ ಉಪನ್ಯಾಸಗಳನ್ನು ಕೇಳಿ 1869ರಲ್ಲಿ ಹಿಂದಿರುಗಿದರು.

1871ರಲ್ಲಿ ಯೇಲ್‌ನಲ್ಲಿ ಗಣಿತೀಯ ಭೌತವಿಜ್ಞಾನದ ಪ್ರಾಧ್ಯಾಪಕರಾಗಿ ನೇಮಕಗೊಂಡರು. ಆ ಹುದ್ದೆಗೆ ಸಂಬಳವಿರಲಿಲ್ಲ. ಪಿತ್ರಾರ್ಜಿತ ಆಸ್ತಿಯ ವರಮಾನದಿಂದ ಒಂಬತ್ತು ವರ್ಷ ಹಾಗೆಯೇ ದುಡಿದರು.

ಮೂರು ಅಕ್ಷಗಳ ಮೇಲ್ಮೈ

1873ರಲ್ಲಿ ಗಿಬ್ಸ್ ಎರಡು ಲೇಖನಗಳನ್ನು ಕನೆಕ್ಟಿಕಟ್ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೊದಲನೆಯದು ಸಮತಲದ ನಕ್ಷೆಗಳನ್ನು ಕುರಿತದ್ದು. ಉಗಿಯಂತ್ರದ ಎಂಜಿನಿಯರುಗಳು ಒತ್ತಡ ಮತ್ತು ಗಾತ್ರಗಳ ನಕ್ಷೆಯನ್ನೇ ಬಳಸುತ್ತಿದ್ದರು. ಅಕ್ಷಗಳಿಗೆ ಬೇರೆ ಜೋಡಿಗಳನ್ನು, ಮುಖ್ಯವಾಗಿ ಎಂಟ್ರೊಪಿ–ತಾಪ ಮತ್ತು ಗಾತ್ರ–ಎಂಟ್ರೊಪಿ ಜೋಡಿಗಳನ್ನು, ಆರಿಸಿಕೊಂಡರೆ ಆಗುವ ಲಾಭಗಳನ್ನು ಅವರು ವಿವೇಚಿಸಿದರು.

ಎರಡನೆಯ ಲೇಖನ ಮೂರು ಆಯಾಮಗಳಿಗೆ ಏರಿತು. ಒತ್ತಡ, ಗಾತ್ರ, ತಾಪಗಳನ್ನು ಮೂರು ಅಕ್ಷಗಳಾಗಿ ಇರಿಸಿದ ಮೇಲ್ಮೈಯನ್ನು ಜೇಮ್ಸ್ ಥಾಮ್ಸನ್ 1871ರಲ್ಲೇ ಬಳಸಿದ್ದರು. ಅಳೆಯಲು ಸುಲಭವಾದ ಈ ಮೂರನ್ನೇ ಆರಿಸುವುದು ಸಹಜವೂ ಹೌದು. ಆದರೆ ಅಂಥ ಮೇಲ್ಮೈಯೊಂದರಿಂದಲೇ ವಸ್ತುವಿನ ಶಕ್ತಿಯನ್ನಾಗಲಿ ಎಂಟ್ರೊಪಿಯನ್ನಾಗಲಿ ಪೂರ್ಣವಾಗಿ ತಿಳಿಯಲಾಗದು. ಗಿಬ್ಸ್ ಗಾತ್ರ, ಎಂಟ್ರೊಪಿ, ಶಕ್ತಿಗಳನ್ನು ಅಕ್ಷಗಳಾಗಿಸಿದರು. ಆಗ ತಾಪವೂ ಒತ್ತಡವೂ ಅಕ್ಷದ ಸ್ಥಾನವನ್ನು ಬಿಟ್ಟು ಇಳಿಜಾರುಗಳಾದವು: ಎಂಟ್ರೊಪಿಯ ದಿಕ್ಕಿನಲ್ಲಿ ಮೇಲ್ಮೈ ಎಷ್ಟು ಏರುತ್ತದೆಯೋ ಅದು ತಾಪ, ಗಾತ್ರದ ದಿಕ್ಕಿನಲ್ಲಿ ಎಷ್ಟು ಇಳಿಯುತ್ತದೆಯೋ ಅದು ಒತ್ತಡ. ಶಕ್ತಿಯ ಅಕ್ಷದ ಗುಂಟ ಮೇಲಿನಿಂದ ನೋಡಿದರೆ ಮೊದಲ ಲೇಖನದ ಗಾತ್ರ–ಎಂಟ್ರೊಪಿ ನಕ್ಷೆಯೇ ಕಾಣುತ್ತದೆ.

ಈ ಬದಲಾವಣೆಯಿಂದ ದೊರೆತ ಫಲ ದೊಡ್ಡದು. ಒಂದು ಸಮತಲವನ್ನು ಮೇಲ್ಮೈಗೆ ತಾಗಿಸಿದಾಗ ಅದು ಎರಡು ಬಿಂದುಗಳನ್ನು ಒಟ್ಟಿಗೆ ಸ್ಪರ್ಶಿಸಿದರೆ, ಆ ಎರಡು ಸ್ಥಿತಿಗಳು, ಉದಾಹರಣೆಗೆ ದ್ರವ ಮತ್ತು ಆವಿ, ಒಂದೇ ತಾಪ, ಒಂದೇ ಒತ್ತಡದಲ್ಲಿ ಜೊತೆಯಾಗಿ ಇರಬಲ್ಲವು. ಮೂರು ಬಿಂದುಗಳನ್ನು ಸ್ಪರ್ಶಿಸಿದರೆ ಘನ, ದ್ರವ, ಆವಿ ಮೂರೂ ಸಮತೋಲದಲ್ಲಿರುವ ತ್ರಿಕ ಬಿಂದುವಿನ ಸ್ಥಿತಿ. ಸಮತಲವನ್ನು ಹಾಗೆಯೇ ಹೊರಳಿಸುತ್ತ ಹೋದಂತೆ ದ್ರವ ಮತ್ತು ಆವಿಯ ಸ್ಪರ್ಶಬಿಂದುಗಳು ಹತ್ತಿರವಾಗಿ ಒಂದಾಗುವ ಜಾಗವೇ ಕ್ರಾಂತಿಬಿಂದು. ಲೇಖನದಲ್ಲಿ ಸಮತಲದ ಕೆಲವು ಚಿತ್ರಗಳಿದ್ದರೂ ಇಡೀ ಮೇಲ್ಮೈಯನ್ನು ಓದುಗರು ಮನಸ್ಸಿನಲ್ಲೇ ಕಟ್ಟಿಕೊಳ್ಳಬೇಕಿತ್ತು. ಗಿಬ್ಸ್ ಪ್ರತಿಗಳನ್ನು ಯೂರೋಪಿನ ಅನೇಕ ವಿದ್ವಾಂಸರಿಗೆ ಅಂಚೆಯಲ್ಲಿ ಕಳುಹಿಸಿದರು. ಓದಿ ಅರಗಿಸಿಕೊಂಡವರು ತೀರ ಕಡಿಮೆ.

ಮ್ಯಾಕ್ಸ್‌ವೆಲ್ ಅವರ ಪ್ಲಾಸ್ಟರ್ ಮಾದರಿ

ಅರಗಿಸಿಕೊಂಡವರಲ್ಲಿ ಕೇಂಬ್ರಿಜ್‌ನ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಪ್ರಮುಖರು. ಎಂಟ್ರೊಪಿಯ ಅರ್ಥದ ಬಗ್ಗೆ ತಮ್ಮ ಪುಸ್ತಕದಲ್ಲಿದ್ದ ತಪ್ಪು ತಿಳಿವಳಿಕೆಯನ್ನು ಅವರು ಗಿಬ್ಸ್ ಲೇಖನವನ್ನು ಓದಿ ತಿದ್ದಿಕೊಂಡರು. ಅಷ್ಟಕ್ಕೇ ನಿಲ್ಲದೆ, ನೀರನ್ನು ಹೋಲುವ ಒಂದು ಕಲ್ಪಿತ ವಸ್ತುವಿಗೆ ಆ ಮೇಲ್ಮೈಯನ್ನು 1874ರಲ್ಲಿ ಜೇಡಿಮಣ್ಣಿನಲ್ಲಿ ತಾವೇ ರೂಪಿಸಿ, ಅದರಿಂದ ಪ್ಲಾಸ್ಟರ್ ಅಚ್ಚುಗಳನ್ನು ತೆಗೆದರು.

ಮಾದರಿಯ ಮೇಲೆ ರೇಖೆಗಳನ್ನು ಗುರುತಿಸಲು ಅವರು ಅನುಸರಿಸಿದ ಉಪಾಯ ಸರಳ. ಸೂರ್ಯನ ಕಿರಣಗಳು ಪರಸ್ಪರ ಸಮಾಂತರವಾಗಿರುತ್ತವೆ. ಮಾದರಿಯನ್ನು ಬಿಸಿಲಿನಲ್ಲಿ ಹಿಡಿದು, ಕಿರಣಗಳು ಗಾತ್ರದ ಅಕ್ಷಕ್ಕೆ ಲಂಬವಾಗಿ ಬರುವಂತೆ ತಿರುಗಿಸಿದರೆ, ಅವು ಮೇಲ್ಮೈಯನ್ನು ಸವರಿಕೊಂಡು ಹೋಗುವ ಬಿಂದುಗಳಲ್ಲೆಲ್ಲ ಎಂಟ್ರೊಪಿಯ ದಿಕ್ಕಿನ ಇಳಿಜಾರು ಒಂದೇ ಆಗಿರುತ್ತದೆ. ಅಂದರೆ ತಾಪ ಒಂದೇ. ಬೆಳಕು ಮತ್ತು ನೆರಳಿನ ಆ ಗಡಿಯನ್ನು ಗುರುತಿಸಿದರೆ ಒಂದು ಸಮತಾಪ ರೇಖೆ ಸಿದ್ಧ. ಮಾದರಿಯನ್ನು ಇನ್ನಷ್ಟು ಓರೆಯಾಗಿಸಿದರೆ ಬೇರೊಂದು ತಾಪದ ರೇಖೆ. ಕಿರಣಗಳು ಎಂಟ್ರೊಪಿಯ ಅಕ್ಷಕ್ಕೆ ಲಂಬವಾಗುವಂತೆ ಮಾದರಿಯನ್ನು ತಿರುಗಿಸಿದರೆ ರೇಖೆಗಳ ಶ್ರೇಣಿಯೇ ಬದಲಾಗಿ, ಸಮಒತ್ತಡ ರೇಖೆಗಳು ದೊರೆಯುತ್ತವೆ. ಮೇಲ್ಮೈ ಅದೇ, ಬದಲಾದದ್ದು ಅದರ ದಿಕ್ಕು ಮಾತ್ರ. ಇಂದು ಕಂಪ್ಯೂಟರ್ ಪರದೆಯ ಮೇಲೆ ಮೂರು ಆಯಾಮದ ನಕ್ಷೆಯನ್ನು ಮೌಸ್‌ನಿಂದ ತಿರುಗಿಸುವವರು ಮಾಡುವ ಕೆಲಸವನ್ನು ಹೋಲುವ ಈ ವಿಧಾನಕ್ಕೆ ಆಗ ಒಂದು ಬಿಸಿಲಿನ ದಿನ ಬೇಕಾಗಿತ್ತು.

ಒಂದು ಅಚ್ಚನ್ನು ಮ್ಯಾಕ್ಸ್‌ವೆಲ್ ಗಿಬ್ಸ್‌ಗೆ ಉಡುಗೊರೆಯಾಗಿ ಕಳುಹಿಸಿದರು. ಅದು ಎಲ್ಲಿಂದ ಬಂತೆಂದು ವಿದ್ಯಾರ್ಥಿಗಳು ಕೇಳಿದಾಗ, ಇಂಗ್ಲೆಂಡಿನ ಸ್ನೇಹಿತರೊಬ್ಬರು ಕೊಟ್ಟರೆಂದಷ್ಟೇ ಗಿಬ್ಸ್ ಹೇಳುತ್ತಿದ್ದರಂತೆ. 1879ರಲ್ಲಿ ಮ್ಯಾಕ್ಸ್‌ವೆಲ್ 48ನೆಯ ವಯಸ್ಸಿಗೇ ತೀರಿಕೊಂಡರು. ಗಿಬ್ಸ್ ತಮ್ಮ ಅತ್ಯುತ್ತಮ ಓದುಗನನ್ನು ಕಳೆದುಕೊಂಡರು.

ನಂತರದ ಕೆಲಸ

1876 ಮತ್ತು 1878ರಲ್ಲಿ ಎರಡು ಭಾಗಗಳಾಗಿ ಬಂದ, ಸುಮಾರು 300 ಪುಟಗಳ ಪ್ರಬಂಧವು ಇದೇ ವಿಚಾರವನ್ನು ಹಲವು ಘಟಕಗಳ ಮಿಶ್ರಣಗಳಿಗೆ ವಿಸ್ತರಿಸಿತು. ಘಟಕಗಳು ಹೆಚ್ಚಾದಂತೆ ಮೂರು ಅಕ್ಷಗಳು ಸಾಲದೆ, ಚಿತ್ರದ ಜಾಗವನ್ನು ಸಮೀಕರಣಗಳು ವಹಿಸಿಕೊಂಡವು. ರಾಸಾಯನಿಕ ವಿಭವ ಮತ್ತು ಪ್ರಾವಸ್ಥಾ ನಿಯಮಗಳು ಇದರಲ್ಲಿವೆ. ಅಚ್ಚಿನ ವೆಚ್ಚ ಅಕಾಡೆಮಿಯ ಶಕ್ತಿಗೆ ಮೀರಿದ್ದರಿಂದ ನ್ಯೂ ಹೇವನ್‌ನಲ್ಲಿ ಚಂದಾ ಎತ್ತಲಾಯಿತು. ವಿಲ್ಹೆಲ್ಮ್ ಓಸ್ಟ್ವಾಲ್ಡ್ 1892ರಲ್ಲಿ ಜರ್ಮನ್ ಭಾಷೆಗೆ ಅನುವಾದಿಸಿದ ನಂತರವೇ ಯೂರೋಪಿನ ರಸಾಯನವಿಜ್ಞಾನಿಗಳಿಗೆ ಅದು ವ್ಯಾಪಕವಾಗಿ ತಲುಪಿತು.

1880ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ವರ್ಷಕ್ಕೆ 3000 ಡಾಲರ್ ಸಂಬಳದೊಡನೆ ಕರೆಯಿತು. ಆಗ ಎಚ್ಚೆತ್ತ ಯೇಲ್ 2000 ಡಾಲರ್ ಕೊಡಲು ಮುಂದಾಯಿತು. ಗಿಬ್ಸ್ ಊರು ಬಿಡಲಿಲ್ಲ. 1880ರ ದಶಕದಲ್ಲಿ ಸದಿಶ ವಿಶ್ಲೇಷಣೆಯನ್ನು ಇಂದಿನ ರೂಪಕ್ಕೆ ತಂದರು. ಅವರ ಪಾಠಗಳನ್ನು ಆಧರಿಸಿ ಶಿಷ್ಯ ಎಡ್ವಿನ್ ಬಿಡ್ವೆಲ್ ವಿಲ್ಸನ್ ಬರೆದ ಪಠ್ಯಪುಸ್ತಕ 1901ರಲ್ಲಿ ಪ್ರಕಟವಾಯಿತು. ಅದೇ ವರ್ಷ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲೆ ಪದಕವನ್ನು ನೀಡಿತು. ಸಂಖ್ಯಾಕಲನಾತ್ಮಕ ಬಲವಿಜ್ಞಾನದ ಗ್ರಂಥ 1902ರಲ್ಲಿ ಹೊರಬಂದಿತು.

ಕೊನೆಯ ದಿನಗಳು ಮತ್ತು ಸ್ಮರಣೆ

ಗಿಬ್ಸ್ ಅವಿವಾಹಿತರಾಗಿದ್ದರು. ತಂದೆ ಕಟ್ಟಿಸಿದ ಮನೆಯಲ್ಲಿ, ಸಹೋದರಿ ಜೂಲಿಯಾ ಹಾಗೂ ಆಕೆಯ ಪತಿ, ಯೇಲ್ ಗ್ರಂಥಪಾಲಕ ಆಡಿಸನ್ ವ್ಯಾನ್ ನೇಮ್ ಅವರ ಕುಟುಂಬದೊಡನೆ ಬಾಳಿದರು. 28 ಏಪ್ರಿಲ್ 1903ರಂದು ನ್ಯೂ ಹೇವನ್‌ನಲ್ಲೇ ನಿಧನರಾದರು. ಗ್ರೋವ್ ಸ್ಟ್ರೀಟ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

2005ರಲ್ಲಿ ಅಮೆರಿಕದ ಅಂಚೆ ಇಲಾಖೆ ನಾಲ್ವರು ವಿಜ್ಞಾನಿಗಳ ನೆನಪಿಗೆ ಹೊರತಂದ ಅಂಚೆಚೀಟಿಗಳಲ್ಲಿ ಒಂದು ಗಿಬ್ಸ್ ಅವರದು. ಅವರ ಮುಖದೊಂದಿಗೆ ಆ ಮೇಲ್ಮೈಯ ಚಿತ್ರವೂ ಅದರಲ್ಲಿದೆ. ಮ್ಯಾಕ್ಸ್‌ವೆಲ್ ಕಳುಹಿಸಿದ ಪ್ಲಾಸ್ಟರ್ ಅಚ್ಚನ್ನು ಯೇಲ್ ಇಂದಿಗೂ ಕಾಪಾಡಿಕೊಂಡಿದೆ. ಅದರ ಜೊತೆಯ ಅಚ್ಚು ಕೇಂಬ್ರಿಜ್‌ನ ಕ್ಯಾವೆಂಡಿಷ್ ಪ್ರಯೋಗಾಲಯದಲ್ಲಿದೆ.