ನೇತ್ರಾಣಿಗೆ ಬಂದು ಹೋದ ಹ್ಯೂಮ್

ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ಸಿನ ಸ್ಥಾಪಕರು ಯಾರು ಎಂದು ನಮ್ಮ ಶಾಲೆಯಲ್ಲಿ ಓದಿದ ಯಾರನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಎ. ಓ. ಹ್ಯೂಮ್ ಎಂಬ ಉತ್ತರ ಬರುತ್ತದೆ. ಅದು ಒಂದು ಅಂಕದ ಪ್ರಶ್ನೆ. ಪಾಠ ಮಾಡಿದ ನಾವೂ ಕಲಿತ ಮಕ್ಕಳೂ ಆ ಒಂದು ಸಾಲಿಗೇ ನಿಂತುಬಿಟ್ಟೆವು. ಇದೇ ಹ್ಯೂಮ್ ಹಕ್ಕಿಗಳ ಬೆನ್ನುಹತ್ತಿ ಹಡಗೇರಿ ಜನವಸತಿಯಿಲ್ಲದ ದ್ವೀಪಗಳನ್ನು ಸುತ್ತಿದರೆಂಬುದನ್ನು, ನಮ್ಮ ಉತ್ತರ ಕನ್ನಡದ ನೇತ್ರಾಣಿ ದ್ವೀಪವನ್ನೂ ಕಂಡು ಹೋದರೆಂಬುದನ್ನು ಯಾವ ಪಠ್ಯಪುಸ್ತಕವೂ ನಮಗೆ ಹೇಳಲಿಲ್ಲ. ಶಾಲೆಗೆ ಐವತ್ತು ತುಂಬಿದ ಈ ಸಂದರ್ಭದಲ್ಲಿ ಆ ಒಂದು ಸಾಲಿನ ಹಿಂದಿದ್ದ ಮನುಷ್ಯನ ಬದುಕನ್ನು ತಿಳಿಯೋಣವೆಂದು ಈ ಲೇಖನ.

ಅಲನ್ ಆಕ್ಟೇವಿಯನ್ ಹ್ಯೂಮ್ ಹುಟ್ಟಿದ್ದು 1829ರ ಜೂನ್ 4ರಂದು. ತಂದೆ ಜೋಸೆಫ್ ಹ್ಯೂಮ್ ಸ್ಕಾಟ್ಲೆಂಡಿನವರು, ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಬಡವರ ಪರವಾಗಿ, ಸರ್ಕಾರದ ದುಂದುವೆಚ್ಚದ ವಿರುದ್ಧವಾಗಿ ದನಿ ಎತ್ತುತ್ತಿದ್ದ ಸದಸ್ಯರು. ಮಗ ಈಸ್ಟ್ ಇಂಡಿಯಾ ಕಂಪನಿಯ ಹೇಲಿಬರಿ ಕಾಲೇಜಿನಲ್ಲಿ ಓದಿದರು, ಲಂಡನ್ನಿನ ಆಸ್ಪತ್ರೆಯಲ್ಲಿ ವೈದ್ಯಶಾಸ್ತ್ರವನ್ನೂ ಕಲಿತರು. 1849ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಬಂಗಾಳ ಸಿವಿಲ್ ಸರ್ವಿಸ್‌ಗೆ ಸೇರಿ ಭಾರತಕ್ಕೆ ಬಂದರು.

ಅವರ ಹೆಸರು ಮೊದಲು ನಿಂತದ್ದು ಇಂದಿನ ಉತ್ತರ ಪ್ರದೇಶದ ಇಟಾವಾ ಜಿಲ್ಲೆಯಲ್ಲಿ, ಅದೂ ಶಾಲೆಗಳಿಂದ. 1856ರಲ್ಲಿ ಅಲ್ಲಿ ಉಚಿತ ಪ್ರಾಥಮಿಕ ಶಾಲೆಗಳನ್ನು ತೆರೆಯಲು ಆರಂಭಿಸಿದರು. ಮರುವರ್ಷದ ಹೊತ್ತಿಗೆ 181 ಶಾಲೆಗಳಲ್ಲಿ 5,186 ಮಕ್ಕಳು ಓದುತ್ತಿದ್ದರು. ಅಷ್ಟು ಮಕ್ಕಳಲ್ಲಿ ಹುಡುಗಿಯರು ಇಬ್ಬರೇ. ಇಂದು ನಮ್ಮ ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ ಹೆಣ್ಣುಮಕ್ಕಳ ಸಾಲನ್ನು ನೋಡುವಾಗ ಆ ಇಬ್ಬರ ನೆನಪು ಬರುತ್ತದೆ. ಅವರು ಯಾರೋ, ಅವರನ್ನು ಧೈರ್ಯ ಮಾಡಿ ಕಳಿಸಿದ ತಾಯಿ ಯಾರೋ! 1857ರ ದಂಗೆ ಎದ್ದಾಗ ಹ್ಯೂಮ್ ಆಗ್ರಾಕ್ಕೆ ಹೋಗಿ ಉಳಿಯಬೇಕಾಯಿತು. ಕೆಲವು ತಿಂಗಳ ನಂತರ ಮರಳಿ ಬಂದು ಆಡಳಿತವನ್ನು ಮತ್ತೆ ಹಿಡಿದರು, ಶಾಲೆಗಳನ್ನೂ ಮತ್ತೆ ನಡೆಸಿದರು. ಇಟಾವಾದಲ್ಲಿ ಪ್ರೌಢಶಾಲೆಯೊಂದನ್ನು ಕಟ್ಟಲು ತಮ್ಮ ಕೈಯಿಂದಲೂ ಹಣ ಹಾಕಿದರು. ಹೆಂಡದ ಆದಾಯದಿಂದ ಸರ್ಕಾರದ ಖಜಾನೆ ತುಂಬುವುದನ್ನು ಅವರು ಬಹಿರಂಗವಾಗಿಯೇ ವಿರೋಧಿಸಿದರು.

1867ರಲ್ಲಿ ಅವರಿಗೆ ಒಳನಾಡಿನ ಸುಂಕ ಇಲಾಖೆಯ ಕಮಿಷನರ್ ಹುದ್ದೆ ಬಂತು. ಆಗ ಉಪ್ಪಿನ ಮೇಲೆ ತೆರಿಗೆ ವಸೂಲಿ ಮಾಡಲು ಪಂಜಾಬಿನ ಕಡೆಯಿಂದ ಒರಿಸ್ಸಾದ ಕಡೆಯವರೆಗೆ ಸುಮಾರು 4,000 ಕಿಲೋಮೀಟರ್ ಉದ್ದದ ಸುಂಕದ ಗಡಿಯಿತ್ತು. ಅದರ ಬಹುಭಾಗ ಮುಳ್ಳುಬೇಲಿ. ಬಡವನ ಗಂಜಿಗೆ ಬೇಕಾದ ಚಿಟಿಕೆ ಉಪ್ಪೂ ಆ ಬೇಲಿಯನ್ನು ತೆರಿಗೆ ಕಟ್ಟದೆ ದಾಟುವಂತಿರಲಿಲ್ಲ. ಆ ಬೇಲಿಯ ಉದ್ದಕ್ಕೂ ತಿರುಗುವುದು ಹ್ಯೂಮ್ ಅವರ ಕೆಲಸವಾಯಿತು. ಚಿಕ್ಕಂದಿನಿಂದಲೂ ಇದ್ದ ಹಕ್ಕಿಯ ಹುಚ್ಚಿಗೆ ಈ ತಿರುಗಾಟ ಒದಗಿಬಂತು. ಹೋದಲ್ಲೆಲ್ಲ ಹಕ್ಕಿಗಳನ್ನೂ ಗೂಡುಗಳನ್ನೂ ಮೊಟ್ಟೆಗಳನ್ನೂ ಸಂಗ್ರಹಿಸಿ ಟಿಪ್ಪಣಿ ಬರೆದಿಟ್ಟರು. ಸಿಮ್ಲಾದ ಜಾಕೋ ಬೆಟ್ಟದ ಮೇಲಿನ ತಮ್ಮ ಬಂಗಲೆಯನ್ನೇ ಪಕ್ಷಿ ಸಂಗ್ರಹಾಲಯ ಮಾಡಿದರು. 1872ರಲ್ಲಿ ಪಕ್ಷಿಗಳಿಗೆಂದೇ 'ಸ್ಟ್ರೇ ಫೆದರ್ಸ್' ಎಂಬ ಪತ್ರಿಕೆಯನ್ನು ಆರಂಭಿಸಿದರು. ದೇಶದ ಮೂಲೆಮೂಲೆಯಲ್ಲಿದ್ದ ಅಧಿಕಾರಿಗಳು, ವೈದ್ಯರು, ತೋಟದ ಯಜಮಾನರು ತಾವು ಕಂಡದ್ದನ್ನು ಅದಕ್ಕೆ ಬರೆದು ಕಳುಹಿಸತೊಡಗಿದರು.

1871ರಲ್ಲಿ ವೈಸರಾಯ್ ಲಾರ್ಡ್ ಮೇಯೋ ಕೃಷಿ, ಕಂದಾಯ, ವಾಣಿಜ್ಯಕ್ಕೆಂದು ಹೊಸ ಇಲಾಖೆಯನ್ನು ತೆರೆದು ಹ್ಯೂಮ್ ಅವರನ್ನು ಕಾರ್ಯದರ್ಶಿಯಾಗಿ ನೇಮಿಸಿದರು. ಆದರೆ 1872ರ ಫೆಬ್ರವರಿ 8ರಂದು ಮೇಯೋ ಅಂಡಮಾನಿನ ಪೋರ್ಟ್‌ಬ್ಲೇರಿನಲ್ಲಿ ಕೈದಿಯೊಬ್ಬನ ಚಾಕುವಿಗೆ ಬಲಿಯಾದರು. ಒಂದು ವರ್ಷದ ನಂತರ, 1873ರ ಮಾರ್ಚ್ ತಿಂಗಳಲ್ಲಿ, ಹ್ಯೂಮ್ ಅದೇ ಅಂಡಮಾನಿನ ಕಡೆಗೆ ಪ್ರಯಾಣ ಹೊರಟರು. ಹಡಗಿನ ಹೆಸರು ಸ್ಕೋಶಿಯಾ. ಜೊತೆಗೆ ಭೂವಿಜ್ಞಾನಿಗಳಾದ ಫರ್ಡಿನೆಂಡ್ ಸ್ಟೊಲಿಚ್ಕಾ ಮತ್ತು ವ್ಯಾಲೆಂಟೈನ್ ಬಾಲ್ ಇದ್ದರು. ಅಂಡಮಾನ್, ನಿಕೋಬಾರ್ ಮತ್ತು ಬಂಗಾಳ ಕೊಲ್ಲಿಯ ಇತರ ದ್ವೀಪಗಳನ್ನು ನೋಡುವುದು ಉದ್ದೇಶ.

ಇಂಥ ದ್ವೀಪಗಳಿಗೆ ದೊಡ್ಡ ಹಡಗು ಪ್ರಯೋಜನಕ್ಕೆ ಬಾರದು. ಸುತ್ತ ಹವಳದ ದಿಬ್ಬಗಳು, ನೀರಿನಡಿಯಲ್ಲಿ ಅಡಗಿದ ಬಂಡೆಗಳು. ಸಣ್ಣ ಹಡಗನ್ನು ದೂರದಲ್ಲಿ ಲಂಗರು ಹಾಕಿ ನಿಲ್ಲಿಸಿ, ದೋಣಿ ಇಳಿಸಿ, ಅಲೆಯ ಹದ ನೋಡಿ ದಡ ಸೇರಬೇಕು. ಒಂದೊಂದು ದ್ವೀಪದಲ್ಲಿ ಸಿಗುವುದು ಕೆಲವೇ ಗಂಟೆ. ಅಷ್ಟರಲ್ಲಿ ಏರಿ, ಇಳಿದು, ನೋಡಿ, ಬರೆದುಕೊಂಡು ಗಾಳಿ ತಿರುಗುವ ಮೊದಲು ಹಡಗಿಗೆ ಮರಳಬೇಕು.

ಆ ಯಾನದಲ್ಲಿ ಸಿಕ್ಕ ದೊಡ್ಡ ಸಂಪತ್ತೆಂದರೆ ನಾರ್ಕೊಂಡಂ ದ್ವೀಪದ ಮಂಗಟ್ಟೆ ಹಕ್ಕಿ. ನಾರ್ಕೊಂಡಂ ಸಮುದ್ರದ ನಡುವೆ 700 ಮೀಟರಿಗೂ ಮಿಕ್ಕಿ ಎದ್ದು ನಿಂತ ಹಳೆಯ ಜ್ವಾಲಾಮುಖಿ. ವಿಸ್ತಾರ ಸುಮಾರು 7 ಚದರ ಕಿಲೋಮೀಟರ್ ಮಾತ್ರ, ಅಂದರೆ ನಮ್ಮ ಕಡೆಯ ಎರಡು ಮೂರು ಹಳ್ಳಿಗಳ ಎಲ್ಲೆಯಷ್ಟು. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಒಂದು ಜಾತಿಯ ಮಂಗಟ್ಟೆ ಆ ಪುಟ್ಟ ದ್ವೀಪದ ಕಾಡಿನಲ್ಲಿದೆ. ಅದನ್ನು ವಿಜ್ಞಾನಕ್ಕೆ ಮೊದಲು ಪರಿಚಯಿಸಿ ಹೆಸರಿಟ್ಟವರು ಹ್ಯೂಮ್, 1873ರಲ್ಲಿ. ಸಕಲೇಶಪುರ, ಮೂಡಿಗೆರೆ ಕಡೆಯ ನೆಂಟರ ಮನೆಗೆ ಹೋದವರು ಮಂಗಟ್ಟೆಯ ಸಂಸಾರವನ್ನು ಬಲ್ಲರು. ಹೆಣ್ಣು ಮರದ ಪೊಟರೆಯೊಳಗೆ ಕುಳಿತು ಬಾಗಿಲು ಮೆತ್ತಿಕೊಂಡರೆ, ಗಂಡು ಹಣ್ಣು ತಂದು ಸಂದಿಯಿಂದ ಉಣಿಸುತ್ತದೆ. ಮರ ಹೋದರೆ ಮನೆ ಹೋಯಿತು. ಘಟ್ಟದ ಹಕ್ಕಿ ಇನ್ನೊಂದು ಕಾಡಿಗೆ ಹಾರೀತು. ನಾರ್ಕೊಂಡಮಿನ ಹಕ್ಕಿಗೆ ಇನ್ನೊಂದು ಕಾಡೆಂಬುದೇ ಇಲ್ಲ. ಅಂಡಮಾನಿನ ಒಂದು ಗೂಬೆಗೆ ಹ್ಯೂಮ್ ತಮ್ಮ ಜೊತೆಗಾರ ಬಾಲ್ ಅವರ ಹೆಸರನ್ನಿಟ್ಟರು. ಇನ್ನೊಬ್ಬ ಜೊತೆಗಾರ ಸ್ಟೊಲಿಚ್ಕಾ ಮರುವರ್ಷವೇ ಯಾರ್ಕಂದಿನಿಂದ ಮರಳುವಾಗ ಲಡಾಖಿನ ಎತ್ತರದಲ್ಲಿ ತೀರಿಕೊಂಡರು.

ಎರಡು ವರ್ಷ ಕಳೆದು, 1875ರಲ್ಲಿ, ಹ್ಯೂಮ್ ಈ ಕಡೆಯ ಕಡಲಿಗೆ ಬಂದರು. ಈ ಬಾರಿ ಏರಿದ್ದು ಕ್ಲೈಡ್ ಎಂಬ ಸರ್ಕಾರಿ ಸಮೀಕ್ಷಾ ಹಡಗನ್ನು. ದೀಪಸ್ತಂಭಗಳಿಗೆ ತಕ್ಕ ಜಾಗಗಳನ್ನು ಪರಿಶೀಲಿಸುವುದು ಕಾಗದದ ಮೇಲಿನ ಕೆಲಸ. ಲಕ್ಷದ್ವೀಪದ ಹಕ್ಕಿಗಳನ್ನು ನೋಡುವುದು ಮನಸ್ಸಿನ ಕೆಲಸ. ದಾರಿಯುದ್ದಕ್ಕೂ ಸಮುದ್ರದ ಆಳವನ್ನೂ ಅಳೆದರು. ಈ ದ್ವೀಪಗಳಿಗೂ ನಮ್ಮ ನೆಲಕ್ಕೂ ನಡುವೆ ಆಳವಾದ ಕಂದಕವಿದೆಯೇ ಎಂದು ತಿಳಿದರೆ, ಅಲ್ಲಿಯ ಜೀವಿಗಳು ಎಲ್ಲಿಂದ ಬಂದಿರಬಹುದೆಂದು ಊಹಿಸಲು ಆಧಾರ ಸಿಗುತ್ತದೆ. ಆ ಕಾಲದಲ್ಲಿ ಲಕ್ಷದ್ವೀಪದ ಉತ್ತರ ಭಾಗದ ಅಮಿನಿದೀವಿ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಲ್ಲಿಯ ಜನ ತೆಂಗಿನ ನಾರನ್ನು ಮಂಗಳೂರಿಗೆ ತಂದು ಅಕ್ಕಿ ಒಯ್ಯುತ್ತಿದ್ದರು. 1956ರವರೆಗೂ ಆ ದ್ವೀಪಗಳ ಆಡಳಿತ ಮಂಗಳೂರಿನಿಂದಲೇ ನಡೆಯಿತೆಂಬುದನ್ನು ನಮ್ಮಲ್ಲಿ ಅನೇಕರು ಮರೆತಿದ್ದೇವೆ.

ಇದೇ ಯಾನದಲ್ಲಿ ಅವರು ನೇತ್ರಾಣಿಯನ್ನು ಕಂಡರು. ಶಾಲಾ ಪ್ರವಾಸದಲ್ಲಿ ಮುರುಡೇಶ್ವರಕ್ಕೆ ಹೋದವರು, ಆಕಾಶ ತಿಳಿಯಾಗಿದ್ದರೆ, ಕಡಲಿನಂಚಿನಲ್ಲಿ ಒಂದು ಗುಡ್ಡವನ್ನು ನೋಡಿರಬಹುದು. ಸುಮಾರು 19 ಕಿಲೋಮೀಟರ್ ದೂರದ ಆ ಗುಡ್ಡವೇ ನೇತ್ರಾಣಿ. ಇಂಗ್ಲಿಷರು ಅದನ್ನು ಪಾರಿವಾಳದ ದ್ವೀಪವೆಂದು ಕರೆಯುತ್ತಿದ್ದರು. ಕಡಿದಾದ ಬಂಡೆ, ಗುಹೆಗಳು, ಮೇಲೆ ದಟ್ಟ ಮರಗಳು. ಜೊಲ್ಲನ್ನೇ ಅಂಟು ಮಾಡಿಕೊಂಡು ಗೂಡು ಕಟ್ಟುವ ಪುಟ್ಟ ಬಾನಾಡಿಗಳಿಗೆ ಆ ಗುಹೆಗಳೇ ಮನೆ. ಮರಗಳ ತುದಿಯಲ್ಲಿ ಬಿಳಿಹೊಟ್ಟೆಯ ಕಡಲ ಹದ್ದುಗಳ ದೊಡ್ಡ ದೊಡ್ಡ ಗೂಡುಗಳು. ಹ್ಯೂಮ್ ಈ ಯಾನದ ವಿವರವನ್ನೆಲ್ಲ ಮರುವರ್ಷ ತಮ್ಮ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಂದು ಬರೆದಿಟ್ಟದ್ದರಿಂದಲೇ ಇಂದಿನವರು ಹದ್ದುಗಳ ಅಂದಿನ ಸ್ಥಿತಿಗೂ ಇಂದಿನ ಸ್ಥಿತಿಗೂ ಹೋಲಿಕೆ ಮಾಡಿ ನೋಡಲು ಸಾಧ್ಯವಾಗಿದೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಅಂದಿನ ಪಕ್ಷಿ ವಿಜ್ಞಾನ ನಡೆಯುತ್ತಿದ್ದುದು ಬಂದೂಕಿನಿಂದ. ಹಕ್ಕಿಯನ್ನು ಹೊಡೆದು, ಚರ್ಮ ಸುಲಿದು, ಒಣಗಿಸಿ, ಚೀಟಿ ಕಟ್ಟಿ ಇಟ್ಟರೇ ಅದು ದಾಖಲೆ. ಹ್ಯೂಮ್ ತಮ್ಮ ಕೈಯಿಂದಲೂ ಇತರರ ಕೈಯಿಂದಲೂ ಸಾವಿರಗಟ್ಟಲೆ ಹಕ್ಕಿಗಳನ್ನು ಹೀಗೆ ಕೊಲ್ಲಿಸಿದರು. ಯಾವ ಹಕ್ಕಿಯನ್ನು ಪ್ರೀತಿಸಿದರೋ ಅದನ್ನೇ ಕೊಂದರು. ಮುಂದೆ ಥಿಯಾಸಫಿಯ ಪ್ರಭಾವಕ್ಕೆ ಒಳಗಾಗಿ ಮಾಂಸಾಹಾರ ಬಿಟ್ಟರು, ಬೇಟೆಯನ್ನೂ ಬಿಟ್ಟರು. ಮೊದಲಿನದು ಅಳಿಸಿಹೋಗಲಿಲ್ಲ. ಆದರೆ ತನ್ನ ದಾರಿಯನ್ನು ನಡುವಯಸ್ಸು ದಾಟಿದ ಮೇಲೂ ಬದಲಿಸಬಲ್ಲ ಮನುಷ್ಯ ಅವರಾಗಿದ್ದರು.

ಅಷ್ಟರಲ್ಲಿ ಅವರ ಬದುಕಿನ ಮೇಲೆ ಪೆಟ್ಟಿನ ಮೇಲೆ ಪೆಟ್ಟು ಬಿತ್ತು. ರೈತರ ಪರವಾಗಿ, ಸರ್ಕಾರದ ತಪ್ಪುಗಳ ವಿರುದ್ಧ ನೇರವಾಗಿ ಬರೆಯುತ್ತಿದ್ದ ಅವರನ್ನು 1879ರಲ್ಲಿ ಕಾರ್ಯದರ್ಶಿ ಹುದ್ದೆಯಿಂದ ತೆಗೆದು ಕೆಳಗಿನ ಹುದ್ದೆಗೆ ಕಳುಹಿಸಿದರು. 1882ರಲ್ಲಿ ಅವರು ನಿವೃತ್ತರಾದರು. ಇನ್ನು ಭಾರತದ ಹಕ್ಕಿಗಳ ಬಗ್ಗೆ ಒಂದು ಸಮಗ್ರ ಗ್ರಂಥ ಬರೆಯುವುದೊಂದೇ ಕೆಲಸವೆಂದುಕೊಂಡಿದ್ದರು. ಇಪ್ಪತ್ತೈದು ವರ್ಷಗಳ ಟಿಪ್ಪಣಿಗಳು ಸಿಮ್ಲಾದ ಮನೆಯಲ್ಲಿದ್ದವು. ಒಂದು ಚಳಿಗಾಲ ಬೇರೆಡೆ ಇದ್ದು ಮರಳಿ ನೋಡಿದರೆ, ಆ ಕಾಗದದ ರಾಶಿಯನ್ನು ಮನೆಯ ಆಳು ಬಜಾರಿನಲ್ಲಿ ರದ್ದಿಗೆ ಮಾರಿದ್ದ. ದ್ವೀಪ ದ್ವೀಪ ಸುತ್ತಿ, ಅಲೆಯಲ್ಲಿ ನೆನೆದು, ರಾತ್ರಿ ದೀಪದ ಬೆಳಕಿನಲ್ಲಿ ಬರೆದದ್ದು ಅಂಗಡಿಯ ಪೊಟ್ಟಣವಾಯಿತು. ಆ ಗ್ರಂಥ ಹುಟ್ಟಲೇ ಇಲ್ಲ. 1885ರಲ್ಲಿ ಅವರು ಮೊಟ್ಟೆಗಳೂ ಸೇರಿ ಸುಮಾರು 82,000 ಮಾದರಿಗಳ ತಮ್ಮ ಸಂಗ್ರಹವನ್ನು ಬ್ರಿಟಿಷ್ ಮ್ಯೂಸಿಯಮ್ಮಿಗೆ ದಾನವಾಗಿ ಕೊಟ್ಟುಬಿಟ್ಟರು.

ಇಷ್ಟೆಲ್ಲ ಕಳೆದುಕೊಂಡವನು ಊರಿಗೆ ಹಿಂದಿರುಗಿ ಪಿಂಚಣಿಯಲ್ಲಿ ಕಾಲ ಕಳೆದಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಹ್ಯೂಮ್ ಹಾಗೆ ಮಾಡಲಿಲ್ಲ. 1883ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದ ಪದವೀಧರರಿಗೆ ಪತ್ರ ಬರೆದು, ದೇಶಕ್ಕಾಗಿ ದುಡಿಯಲು ಮೊದಲಿಗೆ ಐವತ್ತು ಮಂದಿ ಸಿಕ್ಕರೆ ಸಾಕೆಂದು ಕೇಳಿಕೊಂಡರು. ಮೊದಲ ಅಧಿವೇಶನ ಪುಣೆಯಲ್ಲಿ ನಡೆಯಬೇಕಿತ್ತು. ಅಲ್ಲಿ ಕಾಲರಾ ಹರಡಿದ್ದರಿಂದ ಬೊಂಬಾಯಿಗೆ ಬದಲಾಯಿತು. 1885ರ ಡಿಸೆಂಬರ್ 28ರಂದು ಗೋಕುಲದಾಸ್ ತೇಜಪಾಲ್ ಸಂಸ್ಕೃತ ಕಾಲೇಜಿನಲ್ಲಿ 72 ಪ್ರತಿನಿಧಿಗಳು ಸೇರಿದರು. ಡಬ್ಲ್ಯೂ. ಸಿ. ಬ್ಯಾನರ್ಜಿ ಅಧ್ಯಕ್ಷರಾದರು. ಹಕ್ಕಿ ಹಂಚಿಕೊಟ್ಟ ವರ್ಷವೇ ಕಾಂಗ್ರೆಸ್ ಹುಟ್ಟಿದ ವರ್ಷ. ದೇಶದ ಮೂಲೆಮೂಲೆಯ ಪಕ್ಷಿಪ್ರಿಯರನ್ನು ಪತ್ರದಿಂದ ಒಂದುಗೂಡಿಸಿದ್ದ ಅದೇ ಕೈ, ಈಗ ದೇಶಾಭಿಮಾನಿಗಳನ್ನು ಪತ್ರದಿಂದ ಒಂದುಗೂಡಿಸಿತು. ಉಪ್ಪಿನ ಸುಂಕದ ಬೇಲಿ ಕಾದಿದ್ದ ಅಧಿಕಾರಿ ಕಟ್ಟಿದ ಸಂಸ್ಥೆಯೇ 1930ರಲ್ಲಿ ಉಪ್ಪಿನ ಕಾನೂನು ಮುರಿಯಿತು. ನಮ್ಮ ಅಂಕೋಲೆಯ ಕಡಲತೀರದಲ್ಲಿಯೂ ಜನ ಉಪ್ಪು ಮಾಡಿದರು.

ಅದನ್ನು ನೋಡಲು ಹ್ಯೂಮ್ ಇರಲಿಲ್ಲ. 1894ರಲ್ಲಿ ಅವರು ಭಾರತ ಬಿಟ್ಟು ಲಂಡನ್ನಿಗೆ ಹೋಗಿ ನೆಲೆಸಿದ್ದರು. ಅಲ್ಲಿ ಗಿಡಮರಗಳ ಅಧ್ಯಯನ ಹಿಡಿದು, 1910ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಜನಸಾಮಾನ್ಯರೂ ಬಂದು ಕಲಿಯಲೆಂದು ಸಸ್ಯಶಾಸ್ತ್ರದ ಸಂಸ್ಥೆಯೊಂದನ್ನು ಕಟ್ಟಿದರು. ಅದು ಇಂದಿಗೂ ನಡೆಯುತ್ತಿದೆ. 1912ರ ಜುಲೈ 31ರಂದು ಹ್ಯೂಮ್ ನಿಧನರಾದರು.

ಅರಸೀಕೆರೆಯಿಂದ ಬೇಲೂರಿನವರೆಗೆ ನಮ್ಮದು ಕೆರೆಗಳ ನಾಡು, ಕಡಲು ದೂರ. ಆದರೂ ಚಳಿಗಾಲದ ಮುಂಜಾನೆ ಹಳೇಬೀಡಿನ ದೋರಸಮುದ್ರದ ಏರಿಯ ಮೇಲೆ ನಿಂತರೆ ಹಕ್ಕಿಗಳಿಗೇನೂ ಕೊರತೆಯಿಲ್ಲ. ನೆರೆಯ ಮೂಡಿಗೆರೆಯ ತೇಜಸ್ವಿಯವರು ಹಕ್ಕಿಗಳನ್ನು ಕನ್ನಡದಲ್ಲಿ ನಮಗೆ ತೋರಿಸಿಕೊಟ್ಟಿದ್ದಾರೆ, ಅಂಡಮಾನಿನ ಕಥೆಯನ್ನೂ ಹೇಳಿದ್ದಾರೆ. ಇಂದು ಬಂದೂಕು ಬೇಕಿಲ್ಲ. ಒಂದು ನೋಟ್‌ಬುಕ್ಕು, ಪೆನ್ನು, ಕಣ್ಣು ಸಾಕು. ಯಾವ ದಿನ, ಯಾವ ಕೆರೆ, ಯಾವ ಹಕ್ಕಿ, ಎಷ್ಟು ಎಂದು ನಮ್ಮ ಮಕ್ಕಳು ಬರೆದಿಟ್ಟರೆ, ಶಾಲೆಗೆ ನೂರು ತುಂಬುವ ದಿನ ಅದು ಬೆಲೆಬಾಳುವ ದಾಖಲೆಯಾದೀತು.

ಹಾಗೆಯೇ ಇನ್ನೊಂದು ಬಿನ್ನಹ. ಈ ಸಂಚಿಕೆಗಾಗಿ ಹಳೆಯ ವಿದ್ಯಾರ್ಥಿಗಳ ಮನೆಗಳಲ್ಲಿ ಫೋಟೋ, ಅಂಕಪಟ್ಟಿ, ಕೈಬರಹದ ಪತ್ರಿಕೆ ಹುಡುಕುವಾಗ, ಹೋದ ವರ್ಷವಷ್ಟೇ ರದ್ದಿಗೆ ಹಾಕಿದೆವೆಂಬ ಮಾತು ಮತ್ತೆ ಮತ್ತೆ ಕೇಳಬೇಕಾಯಿತು. ಸಿಮ್ಲಾದ ಆ ಆಳಿಗೆ ಅಕ್ಷರ ಬಾರದಿದ್ದೀತು. ನಮಗೆ ಬರುತ್ತದೆ. ಅಟ್ಟದ ಮೇಲಿನ ಹಳೆಯ ಟ್ರಂಕನ್ನು ಗುಜರಿಯವನಿಗೆ ಕೊಡುವ ಮೊದಲು ಒಮ್ಮೆ ಬಿಚ್ಚಿ ನೋಡಿ, ಶಾಲೆಗೆ ಸೇರಿದ್ದೇನಾದರೂ ಇದ್ದರೆ ದಯವಿಟ್ಟು ಶಾಲೆಗೆ ತಲುಪಿಸಿ.