ಅನಾಥ ಮಕ್ಕಳ ಕತೆಗಾರ ಚಾರ್ಲ್ಸ್ ಡಿಕನ್ಸ್

ಇಂಗ್ಲೆಂಡಿನ ಲಂಡನ್ ನಗರದಲ್ಲಿ ಥೇಮ್ಸ್ ಎಂಬ ನದಿ ಹರಿಯುತ್ತದೆ. ಸುಮಾರು ಇನ್ನೂರು ವರ್ಷಗಳ ಹಿಂದೆ ಆ ನದಿಯ ದಂಡೆಯಲ್ಲಿ ಒಂದು ಮುರುಕು ಕಟ್ಟಡವಿತ್ತು. ಅದರ ತುಂಬ ಇಲಿಗಳ ಓಡಾಟ. ಅಲ್ಲಿ ಬೂಟುಗಳಿಗೆ ಹಚ್ಚುವ ಕಪ್ಪು ಪಾಲಿಶು ತಯಾರಾಗುತ್ತಿತ್ತು. ಹನ್ನೆರಡು ವರ್ಷದ ಬಾಲಕನೊಬ್ಬ ಪಾಲಿಶಿನ ಕುಡಿಕೆಗಳ ಬಾಯಿಗೆ ಕಾಗದ ಮುಚ್ಚಿ, ದಾರ ಕಟ್ಟಿ, ಚೀಟಿ ಅಂಟಿಸುತ್ತಿದ್ದನು. ಬೆಳಗಿನಿಂದ ಕತ್ತಲಾಗುವವರೆಗೆ ಇದೇ ಕೆಲಸ. ವಾರಕ್ಕೆ ಸಿಗುತ್ತಿದ್ದ ಕೂಲಿ ಆರು ಶಿಲಿಂಗ್. ಆ ಬಾಲಕನೇ ಮುಂದೆ ಜಗತ್ಪ್ರಸಿದ್ಧ ಕಾದಂಬರಿಕಾರನಾದ ಚಾರ್ಲ್ಸ್ ಡಿಕನ್ಸ್.

ಚಾರ್ಲ್ಸ್ 1812ರ ಫೆಬ್ರವರಿ 7ರಂದು ಪೋರ್ಟ್ಸ್‌ಮತ್ ಎಂಬ ಊರಿನಲ್ಲಿ ಹುಟ್ಟಿದನು. ತಂದೆ ಜಾನ್ ನೌಕಾಪಡೆಯ ಕಚೇರಿಯಲ್ಲಿ ಗುಮಾಸ್ತ. ತಾಯಿ ಎಲಿಜಬೆತ್. ಎಂಟು ಮಕ್ಕಳಲ್ಲಿ ಚಾರ್ಲ್ಸ್ ಎರಡನೆಯವನು. ಅವನಿಗೆ ಪುಸ್ತಕಗಳೆಂದರೆ ಪ್ರಾಣ. ಆದರೆ ತಂದೆ ವರಮಾನಕ್ಕಿಂತ ಹೆಚ್ಚು ಖರ್ಚು ಮಾಡುತ್ತಿದ್ದನು. ಸಾಲ ಬೆಳೆಯಿತು. ಸಾಲ ತೀರಿಸಲಾರದವರನ್ನು ಸೆರೆಮನೆಗೆ ಹಾಕುವ ಪದ್ಧತಿ ಆಗ ಅಲ್ಲಿತ್ತು. 1824ರಲ್ಲಿ ತಂದೆಗೆ ಸೆರೆವಾಸವಾಯಿತು. ತಾಯಿಯೂ ಚಿಕ್ಕ ಮಕ್ಕಳೂ ಸೆರೆಮನೆಯಲ್ಲೇ ಅವನೊಡನೆ ವಾಸಿಸತೊಡಗಿದರು.

ಚಾರ್ಲ್ಸ್ ಹೊರಗೆ ಒಂಟಿಯಾಗಿ ಉಳಿದನು. ವಾರದ ಕೂಲಿಯನ್ನು ಆರು ಪೊಟ್ಟಣಗಳಾಗಿ ಕಟ್ಟಿ, ಒಂದೊಂದರ ಮೇಲೂ ಒಂದೊಂದು ವಾರದ ಹೆಸರು ಬರೆದಿಡುತ್ತಿದ್ದನು. ಇಂದಿನ ಹಸಿವಿಗೆ ನಾಳೆಯ ಕಾಸು ಕರಗಬಾರದಲ್ಲವೇ? ಭಾನುವಾರ ಸೆರೆಮನೆಗೆ ಹೋಗಿ ಮನೆಯವರನ್ನು ಕಂಡು ಬರುತ್ತಿದ್ದನು.

ಸುಮಾರು ಮೂರು ತಿಂಗಳ ಬಳಿಕ ತಂದೆಗೆ ಬಿಡುಗಡೆಯಾಯಿತು. ಆದರೂ ಚಾರ್ಲ್ಸನ ದುಡಿಮೆ ಕೂಡಲೇ ನಿಲ್ಲಲಿಲ್ಲ. ಕೊನೆಗೆ ತಂದೆ ಅವನನ್ನು ಅಲ್ಲಿಂದ ಬಿಡಿಸಿದನು. ಅವನು ಮತ್ತೆ ದುಡಿಯಲು ಹೋಗಲೆಂದು ತಾಯಿ ಬಯಸಿದಳು. ತಂದೆ ಶಾಲೆಗೆ ಕಳುಹಿಸಿದನು. ತಾಯಿಯ ಆ ಮಾತು ಚಾರ್ಲ್ಸನ ಮನದಲ್ಲಿ ಮುಳ್ಳಾಗಿ ಉಳಿಯಿತು.

ಮನೆಯಲ್ಲಿ ಮತ್ತೆ ಹಣದ ಅಡಚಣೆ ಬಂದುದರಿಂದ ಹದಿನೈದನೆಯ ವಯಸ್ಸಿನಲ್ಲಿ ಅವನ ಓದು ನಿಂತಿತು. ವಕೀಲರ ಕಚೇರಿಯಲ್ಲಿ ಕೆಲಸ ಮಾಡುತ್ತಾ ಶೀಘ್ರಲಿಪಿ ಕಲಿತನು. ಪಾರ್ಲಿಮೆಂಟಿನ ಚರ್ಚೆಗಳನ್ನು ಬರೆದುಕೊಡುವ ಪತ್ರಕರ್ತನಾದನು. 1836ರಲ್ಲಿ ಪ್ರಕಟವಾಗತೊಡಗಿದ 'ಪಿಕ್‌ವಿಕ್ ಪೇಪರ್ಸ್' ಕಾದಂಬರಿ ಅವನಿಗೆ ಹೆಸರು ತಂದಿತು.

ಆ ಕಾಲದಲ್ಲಿ ಗತಿಯಿಲ್ಲದ ಬಡವರನ್ನು ದುಡಿಮೆಮನೆಗಳಲ್ಲಿ ಇಡುತ್ತಿದ್ದರು. 1834ರ ಹೊಸ ಕಾನೂನಿನಿಂದ ಅಲ್ಲಿನ ಬಾಳು ಇನ್ನೂ ಕಠಿಣವಾಯಿತು. ಗಂಡ, ಹೆಂಡತಿ, ಮಕ್ಕಳನ್ನು ಬೇರೆ ಬೇರೆ ಇರಿಸುತ್ತಿದ್ದರು. ಇದನ್ನು ಕಂಡು ಡಿಕನ್ಸರು 'ಆಲಿವರ್ ಟ್ವಿಸ್ಟ್' ಬರೆದರು. ಅದು 1837ರಿಂದ 1839ರವರೆಗೆ ಮಾಸಪತ್ರಿಕೆಯೊಂದರಲ್ಲಿ ಕಂತುಕಂತಾಗಿ ಪ್ರಕಟವಾಯಿತು.

ಆಲಿವರ್ ದುಡಿಮೆಮನೆಯಲ್ಲಿ ಹುಟ್ಟಿದ ಅನಾಥ. ಅಲ್ಲಿ ಮಕ್ಕಳಿಗೆ ಸಿಗುತ್ತಿದ್ದುದು ತೆಳುವಾದ ಗಂಜಿ ಮಾತ್ರ. ಹಸಿದ ಹುಡುಗರು ಚೀಟಿ ಎತ್ತಿದಾಗ ಆಲಿವರನ ಸರದಿ ಬಂದಿತು. ಅವನು ಬಟ್ಟಲು ಹಿಡಿದು ಇನ್ನಷ್ಟು ಗಂಜಿ ಕೇಳಿದನು. ಅಷ್ಟಕ್ಕೇ ಅವನನ್ನು ಕೋಣೆಯಲ್ಲಿ ಕೂಡಿಹಾಕಿದರು. ಅವನನ್ನು ಕರೆದೊಯ್ಯುವವರಿಗೆ ಐದು ಪೌಂಡ್ ಕೊಡುವುದಾಗಿ ಬಾಗಿಲಿಗೆ ಚೀಟಿ ಅಂಟಿಸಿದರು! ಮುಂದೆ ಅವನು ಲಂಡನ್ನಿಗೆ ಓಡಿಹೋಗಿ ಕಳ್ಳರ ಕೈಗೆ ಸಿಕ್ಕಿದನು. ಆದರೂ ಅವನ ಮನಸ್ಸು ಕೆಡಲಿಲ್ಲ. ಕೊನೆಗೆ ಬ್ರೌನ್‌ಲೋ ಎಂಬ ಸಜ್ಜನ ಅವನನ್ನು ಮಗನಂತೆ ಸಾಕಿದನು.

ಡಿಕನ್ಸರು ಮುಂದೆ 'ಡೇವಿಡ್ ಕಾಪರ್‌ಫೀಲ್ಡ್' ಮೊದಲಾದ ಅನೇಕ ಕಾದಂಬರಿಗಳನ್ನು ರಚಿಸಿದರು. 1858ರಲ್ಲಿ ಲಂಡನ್ನಿನ ಮಕ್ಕಳ ಆಸ್ಪತ್ರೆಯೊಂದಕ್ಕಾಗಿ ಭಾಷಣ ಮಾಡಿ, ಕತೆ ಓದಿ ಹಣ ಕೂಡಿಸಿಕೊಟ್ಟರು. 1870ರ ಜೂನ್ 9ರಂದು ನಿಧನರಾದರು.

ತಾವು ಬಾಲ್ಯದಲ್ಲಿ ಪಾಲಿಶಿನ ಕೆಲಸ ಮಾಡಿದ್ದನ್ನು ಡಿಕನ್ಸರು ತಮ್ಮ ಮಕ್ಕಳಿಗೂ ಹೇಳಿರಲಿಲ್ಲ. ಆಪ್ತ ಗೆಳೆಯ ಜಾನ್ ಫಾರ್ಸ್ಟರ್‌ಗೆ ಅದು ತಿಳಿದಿತ್ತು. ಡಿಕನ್ಸರ ಮರಣಾನಂತರ ಅವರು ಬರೆದ ಜೀವನಚರಿತ್ರೆಯಿಂದ ಜನರಿಗೆ ಈ ಸಂಗತಿ ತಿಳಿಯಿತು. ಆಲಿವರನ ಹಸಿವನ್ನು ಅಷ್ಟು ಚೆನ್ನಾಗಿ ಬರೆದ ಕೈ, ಒಮ್ಮೆ ಕುಡಿಕೆಗಳಿಗೆ ದಾರ ಕಟ್ಟಿದ ಕೈಯೇ ಆಗಿತ್ತು. ತನಗಾಗಿ ಬಾಯಿಬಿಟ್ಟು ಹೇಳಲಾಗದ ನೋವನ್ನು ಅವರು ನೊಂದ ಮಕ್ಕಳೆಲ್ಲರ ಪರವಾಗಿ ಹೇಳಿದರು.

ಅಭ್ಯಾಸ

1. ಚಾರ್ಲ್ಸ್ ತನ್ನ ಕೂಲಿಯನ್ನು ಆರು ಪೊಟ್ಟಣಗಳಾಗಿ ಏಕೆ ಕಟ್ಟಿಡುತ್ತಿದ್ದನು?
2. ಗಂಜಿ ಕೇಳಿದ ಆಲಿವರನಿಗೆ ಏನಾಯಿತು?
3. ಡಿಕನ್ಸರು ತಮ್ಮ ಬಾಲ್ಯದ ದುಡಿಮೆಯನ್ನು ಏಕೆ ಮುಚ್ಚಿಟ್ಟಿರಬಹುದು? ಗೆಳೆಯರೊಡನೆ ಚರ್ಚಿಸಿರಿ.