ವಾಂಗ್ ಫೇ ಹಂಗ್: ಬದುಕು, ಶಿಷ್ಯಪರಂಪರೆ ಮತ್ತು ತೆರೆಯ ಚರಿತ್ರೆ

ಹಾಂಗ್ ಕಾಂಗ್‌ನ ಕುಂಗ್ ಫೂ ಚಲನಚಿತ್ರಗಳ ಮಾತು ಬಂದಾಗ ನಮ್ಮಲ್ಲಿ ಮೊದಲು ಕೇಳಿಬರುವುದು ಬ್ರೂಸ್ ಲೀಯ ಹೆಸರು. 1973ರಲ್ಲಿ ತೀರಿಕೊಂಡ ಆ ನಟನಿಗಿಂತ ಬಹಳ ಮೊದಲೇ ಈ ಚಿತ್ರಪ್ರಕಾರಕ್ಕೆ ಒಬ್ಬ ನಾಯಕನಿದ್ದ. ಆತ ನಟನಲ್ಲ, ದಕ್ಷಿಣ ಚೀನಾದ ಗುವಾಂಗ್‌ಝೌ ನಗರದಲ್ಲಿ ಮುರಿದ ಮೂಳೆ ಕೂಡಿಸುತ್ತ, ಶಿಷ್ಯರಿಗೆ ವರಸೆ ಕಲಿಸುತ್ತ ಬದುಕಿದ ವೈದ್ಯ ವಾಂಗ್ ಫೇ ಹಂಗ್. ಈತನನ್ನು ಕುರಿತ ಚಿತ್ರಗಳ ಸಂಖ್ಯೆ ನೂರನ್ನು ಮೀರುತ್ತದೆ. ಬದುಕಿನ ಬಗೆಗಿನ ಸಮಕಾಲೀನ ದಾಖಲೆಗಳಾದರೋ ಅತ್ಯಲ್ಪ. ಹೀಗಾಗಿ ಈತನ ಜೀವನಚರಿತ್ರೆಯನ್ನು ಬರೆಯುವುದೆಂದರೆ ಶಿಷ್ಯಪರಂಪರೆಯ ನೆನಪು, ಪತ್ರಿಕೆಯ ಧಾರಾವಾಹಿ ಮತ್ತು ಚಲನಚಿತ್ರ ಈ ಮೂರನ್ನೂ ಒಟ್ಟಿಗೆ ಇಟ್ಟು ಓದುವುದೇ ಆಗಿದೆ. ಜನಪದ ವೀರರ ಚರಿತ್ರೆಯನ್ನು ಕಟ್ಟಲು ಹೊರಟವರಿಗೆ ಈ ತೊಡಕು ಹೊಸದೇನಲ್ಲ.

ಗುವಾಂಗ್‌ಡಾಂಗ್ ಪ್ರಾಂತ್ಯದ ಫೋಶಾನ್ ಸೀಮೆಯಲ್ಲಿ 1847ರಲ್ಲಿ ಈತ ಜನಿಸಿದನೆಂಬುದು ಹೆಚ್ಚು ಪ್ರಚಲಿತವಿರುವ ಅಭಿಪ್ರಾಯ. ತಂದೆ ವಾಂಗ್ ಕೇ ಯಿಂಗ್ ಕ್ಯಾಂಟನ್ನಿನ ಹತ್ತು ಹುಲಿಗಳೆಂದು ಹೆಸರಾದ ವೀರರಲ್ಲೊಬ್ಬ. ಬಿರುದು ದೊಡ್ಡದಾದರೂ ಮನೆ ಬಡವರದು. ಬೀದಿಯಲ್ಲಿ ವರಸೆಗಳನ್ನು ಪ್ರದರ್ಶಿಸಿ, ನೆರೆದ ಜನಕ್ಕೆ ಔಷಧಿ ಮಾರುವ ತಂದೆಯ ಜೊತೆಯಲ್ಲಿ ಬಾಲಕ ಫೇ ಹಂಗ್ ಊರೂರು ತಿರುಗಿದನೆಂದು ಪರಂಪರೆಯ ನಿರೂಪಣೆಗಳು ಹೇಳುತ್ತವೆ. ಹುಂಗ್ ಗಾರ್ ಎಂಬ ದಾಕ್ಷಿಣಾತ್ಯ ಶೈಲಿಯ ಹುಲಿ ಮತ್ತು ಕೊಕ್ಕರೆಯ ವರಸೆ ಅವನಿಗೆ ದೊರೆತದ್ದು ತಂದೆಯಿಂದ. ಉಕ್ಕಿನ ತಂತಿಯ ಮುಷ್ಟಿ ಎಂಬ ಉಸಿರಾಟಪ್ರಧಾನವಾದ ಅಭ್ಯಾಸ ದೊರೆತದ್ದು ಲಾಮ್ ಫುಕ್ ಸಿಂಗ್ ಎಂಬ ಗುರುವಿನಿಂದ. ಸಿಂಹನೃತ್ಯದಲ್ಲಿಯೂ ಆತ ನಿಪುಣನಾಗಿದ್ದ.

ಪೊ ಚಿ ಲಾಮ್ ಎಂಬುದು ಆತ ಗುವಾಂಗ್‌ಝೌದಲ್ಲಿ ನಡೆಸುತ್ತಿದ್ದ ಔಷಧಾಲಯ. ಪೆಟ್ಟು, ಉಳುಕು, ಮುರಿತಗಳಿಗೆ ಅಲ್ಲಿ ಮದ್ದು ದೊರೆಯುತ್ತಿತ್ತು. ಹೊಡೆಯುವ ವಿದ್ಯೆ ಮತ್ತು ಹೊಡೆತವನ್ನು ವಾಸಿ ಮಾಡುವ ವಿದ್ಯೆ ಒಂದೇ ಕೈಯಲ್ಲಿ ಇರುವುದು ನಮ್ಮ ಗರಡಿಗಳನ್ನು ಬಲ್ಲವರಿಗೆ ವಿಶೇಷವೆನಿಸಲಾರದು. ಕಪ್ಪು ಬಾವುಟದ ಸೈನ್ಯದ ದಂಡನಾಯಕ ಲಿಯು ಯುಂಗ್‌ಫು ಈತನನ್ನು ಸೈನ್ಯದ ವೈದ್ಯನನ್ನಾಗಿಯೂ ಶಿಕ್ಷಕನನ್ನಾಗಿಯೂ ನೇಮಿಸಿಕೊಂಡನೆಂಬ ಕಥೆ ಪ್ರಸಿದ್ಧವಾಗಿದೆ. ಒಬ್ಬನೇ ನಿಂತು ಹತ್ತಾರು ಜನರನ್ನು ಸದೆಬಡಿದ ಕಥೆಗಳೂ ಇವೆ. ಇವುಗಳನ್ನು ಇತಿಹಾಸವೆಂದು ಓದುವುದಕ್ಕಿಂತ ಒಂದು ಸಮುದಾಯ ತನ್ನ ವೈದ್ಯನನ್ನು ಹೇಗೆ ಕಾಣಬಯಸಿತು ಎಂಬುದಕ್ಕೆ ಸಾಕ್ಷಿಯೆಂದು ಓದುವುದು ಉಚಿತ.

ಕೌಟುಂಬಿಕ ಬದುಕು ಮಾತ್ರ ಸಂಕಟದ್ದು. ಮೂವರು ಪತ್ನಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಕೈಹಿಡಿದವರು ತನ್ನ ದೆಸೆಯಿಂದಲೇ ಉಳಿಯುವುದಿಲ್ಲವೆಂಬ ಅಳುಕಿನಿಂದ ನಾಲ್ಕನೆಯವಳಾದ ಮೊಕ್ ಕ್ವಾಯ್ ಲಾನ್‌ಳನ್ನು ಉಪಪತ್ನಿಯೆಂದೇ ಕರೆದುಕೊಂಡನೆನ್ನಲಾಗಿದೆ. ಪ್ರದರ್ಶನವೊಂದರಲ್ಲಿ ಆತನ ಕಾಲಿನಿಂದ ಹಾರಿದ ಪಾದರಕ್ಷೆ ಪ್ರೇಕ್ಷಕರ ನಡುವಿದ್ದ ಈ ತರುಣಿಗೆ ತಾಗಿತೆಂದೂ, ಆಕೆ ಹೆಸರಾಂತ ಗುರುವೆಂದು ನೋಡದೆ ಎಲ್ಲರೆದುರು ತರಾಟೆಗೆ ತೆಗೆದುಕೊಂಡಳೆಂದೂ ಒಂದು ಐತಿಹ್ಯವಿದೆ. ಆಕೆಯೂ ವರಸೆಗಳನ್ನು ಬಲ್ಲವಳು. ಮದುವೆಯ ನಂತರ ಶಿಷ್ಯೆಯಾಗಿಯೂ ಕಲಿತಳು.

ಇದಕ್ಕಿಂತ ದೊಡ್ಡ ಆಘಾತ ಮಗ ಹಾನ್ ಸಮ್‌ನ ಮರಣ. ತಂದೆಯಿಂದ ವಿದ್ಯೆ ಕಲಿತು ಸಮರ್ಥನಾಗಿದ್ದ ಆ ಯುವಕ ಮತ್ಸರಿಯೊಬ್ಬನ ಗುಂಡಿಗೆ ಬಲಿಯಾದನೆಂದು ಪರಂಪರೆ ಹೇಳುತ್ತದೆ. ವಿದ್ಯೆಯ ಖ್ಯಾತಿಯೇ ಮಗನ ಪ್ರಾಣಕ್ಕೆ ಎರವಾಯಿತೆಂದು ಬಗೆದ ತಂದೆ ಉಳಿದ ಮಕ್ಕಳಿಗೆ ಕಲಿಸುವುದನ್ನೇ ನಿಲ್ಲಿಸಿಬಿಟ್ಟ. ವಂಶದಲ್ಲಿ ಹರಿಯಬೇಕಿದ್ದ ವಿದ್ಯೆ ಹೀಗೆ ಶಿಷ್ಯರ ಕಡೆಗೆ, ಮುಖ್ಯವಾಗಿ ಹಂದಿಮಾಂಸ ಮಾರುತ್ತಿದ್ದ ಲಾಮ್ ಸಾಯ್ ವಿಂಗ್‌ನ ಕಡೆಗೆ ತಿರುಗಿತು. 1924ರ ಅಕ್ಟೋಬರ್‌ನಲ್ಲಿ ಗುವಾಂಗ್‌ಝೌದ ವರ್ತಕರ ಪಡೆಗೂ ಸರ್ಕಾರಕ್ಕೂ ನಡೆದ ಕಾಳಗದಲ್ಲಿ ನಗರದ ಪಶ್ಚಿಮಭಾಗ ಹೊತ್ತಿ ಉರಿದಾಗ ಪೊ ಚಿ ಲಾಮ್ ಸುಟ್ಟುಹೋಯಿತು. ಅದರೊಂದಿಗೆ ಆತನ ಜೀವನಾಧಾರವೂ ಹೋಯಿತು. 1925ರಲ್ಲಿ, ಬಡತನದಲ್ಲಿ, ಆತ ತೀರಿಕೊಂಡ.

ಆನಂತರದ್ದು ತೆರೆಯ ಬದುಕು. 1930ರ ದಶಕದಲ್ಲಿ ಲಾಮ್ ಸಾಯ್ ವಿಂಗ್‌ನ ಶಿಷ್ಯನಾದ ಚು ಯು ಚಾಯ್ ಎಂಬ ಲೇಖಕ ಈ ಗುರುವಿನ ಕಥೆಗಳನ್ನು ಪತ್ರಿಕೆಗಳಲ್ಲಿ ಬರೆದ. 1949ರಲ್ಲಿ ನಿರ್ದೇಶಕ ವು ಪಾಂಗ್ ಅವುಗಳನ್ನು ಆಧರಿಸಿ ಕ್ಯಾಂಟನೀಸ್ ಭಾಷೆಯಲ್ಲಿ ಕಪ್ಪುಬಿಳುಪು ಚಿತ್ರ ತಯಾರಿಸಿದ. ನಾಯಕನಾದವನು ಕ್ಯಾಂಟನೀಸ್ ಗೀತನಾಟಕದ ನಟ ಕ್ವಾನ್ ತಾಕ್ ಹಿಂಗ್. ಅದುವರೆಗಿನ ಚಿತ್ರಗಳ ಕಾದಾಟ ರಂಗಭೂಮಿಯ ಚಲನೆಗಳನ್ನೂ ಹಾರಾಟದ ಚಮತ್ಕಾರಗಳನ್ನೂ ನೆಚ್ಚಿಕೊಂಡಿತ್ತು. ವು ಪಾಂಗ್‌ನ ಚಿತ್ರಸರಣಿ ಗರಡಿಯ ನಿಜವಾದ ವರಸೆಗಳನ್ನು ಕ್ಯಾಮೆರಾದ ಎದುರಿಗೆ ತಂದಿತು. ಲಾಮ್ ಸಾಯ್ ವಿಂಗ್‌ನ ಮತ್ತೊಬ್ಬ ಶಿಷ್ಯ ಲಾವ್ ಚಾಮ್ ಇದರಲ್ಲಿ ನಟಿಸಿದ. ತನ್ನ ಗುರುವಿನ ಪಾತ್ರವನ್ನು ತಾನೇ ವಹಿಸಿದ. ಶಿಷ್ಯನ ದೇಹವೇ ಗುರುವಿನ ಹಸ್ತಪ್ರತಿಯಾದ ಉದಾಹರಣೆಯಿದು. ಸರಣಿ ಎಷ್ಟು ಜನಪ್ರಿಯವಾಯಿತೆಂದರೆ 1956ರ ಒಂದೇ ವರ್ಷದಲ್ಲಿ 20ಕ್ಕೂ ಹೆಚ್ಚು ಚಿತ್ರಗಳು ತೆರೆ ಕಂಡವು. ಅವಸರದ ಛಾಯೆ ಅವುಗಳಲ್ಲಿ ಇಲ್ಲವೆನ್ನಲಾಗದು. ಆದರೂ ಕೋಪವನ್ನು ನುಂಗಿಕೊಂಡು, ಕೊನೆಯ ಗಳಿಗೆಯವರೆಗೂ ಕೈಯೆತ್ತದ ಗುರುವಿನ ಚಿತ್ರ ಜನಮನದಲ್ಲಿ ನೆಲೆಗೊಂಡದ್ದು ಈ ಚಿತ್ರಗಳಿಂದಲೇ.

ಈ ಗಾಂಭೀರ್ಯದ ಉತ್ತುಂಗವನ್ನು 1979ರ 'ದಿ ಮ್ಯಾಗ್ನಿಫಿಸೆಂಟ್ ಬುಚರ್'ನಲ್ಲಿ ಕಾಣಬಹುದು. ಎಪ್ಪತ್ತು ದಾಟಿದ ಕ್ವಾನ್ ಒಂದು ಕೈಯಲ್ಲಿ ಕುಂಚ ಹಿಡಿದು ಕಾಗದದ ಮೇಲೆ ಅಕ್ಷರಗಳನ್ನು ಬರೆಯುತ್ತಿರುವಾಗಲೇ ಎದುರಾಳಿ ಗುರು ಮೇಲೆ ಬೀಳುತ್ತಾನೆ. ಬರಹ ನಿಲ್ಲುವುದಿಲ್ಲ, ಹೊಡೆತವನ್ನು ತಪ್ಪಿಸುವ ಚಲನೆಯೇ ಅಕ್ಷರದ ಗೆರೆಯಾಗಿ ಪರಿಣಮಿಸುತ್ತದೆ. ಅಕ್ಷರವಿದ್ಯೆ ಮತ್ತು ಅಂಗವಿದ್ಯೆಗಳ ಸಂಬಂಧವನ್ನು ಇಷ್ಟು ಲವಲವಿಕೆಯಿಂದ ತೋರಿಸಿದ ದೃಶ್ಯ ಆ ಪ್ರಕಾರದಲ್ಲಿ ವಿರಳ. ಹಾಸ್ಯದ ಹಾದಿ ಹಿಡಿದ 1978ರ 'ಡ್ರಂಕನ್ ಮಾಸ್ಟರ್' ಜಾಕಿ ಚಾನ್‌ನ ಮೂಲಕ ಇದೇ ಗುರುವನ್ನು ಪುಂಡ ಹುಡುಗನನ್ನಾಗಿಸಿತು.

ನಮ್ಮ ಚರ್ಚೆಗೆ ಹೆಚ್ಚು ಮಹತ್ವದ್ದು ಲಾವ್ ಚಾಮ್‌ನ ಮಗ ಲಾವ್ ಕಾರ್ ಲಿಯಾಂಗ್ 1976ರಲ್ಲಿ ನಿರ್ದೇಶಿಸಿದ 'ಚಾಲೆಂಜ್ ಆಫ್ ದಿ ಮಾಸ್ಟರ್ಸ್'. ಗೋರ್ಡನ್ ಲಿಯು ಇಲ್ಲಿ ತರುಣ ಫೇ ಹಂಗ್. ಕಥೆಯ ಮೊದಲ ತಡೆಯೆಂದರೆ ತಂದೆ ಮಗನಿಗೆ ಕುಂಗ್ ಫೂ ಕಲಿಸಲೊಪ್ಪದಿರುವುದು. ಹಟ ತೊಟ್ಟ ಮಗ ತಂದೆಯ ಗುರುವಾದ ಲುಕ್ ಆ ಚೋಯ್‌ನ ಬಳಿಗೆ ಹೋಗಿ ಕಲಿಯುತ್ತಾನೆ. ಚಿತ್ರದ ಬಹುಭಾಗ ಕಲಿಕೆಯ ದೀರ್ಘ ದೃಶ್ಯಗಳಿಗೆ ಮೀಸಲು. ವೈರಿಯ ವಧೆ ಇಲ್ಲಿ ಗುರಿಯಲ್ಲ, ಕಲಿತವನ ಸಂಯಮವೇ ಗುರಿ. ಮೇಲೆ ಹೇಳಿದ ಪರಂಪರೆಯ ಕಥನದಲ್ಲಿ ತಂದೆಯೇ ಮಗನ ಮೊದಲ ಗುರು. ಕಲಿಸಲೊಲ್ಲದ ತಂದೆಯಾದವನು ಮುಪ್ಪಿನಂಚಿನ ಫೇ ಹಂಗ್. ಮಗನನ್ನು ಕಳೆದುಕೊಂಡವನ ಆ ನಿರಾಕರಣೆಯನ್ನು ಚಿತ್ರ ಬಾಲ್ಯಕ್ಕೆ ಸ್ಥಳಾಂತರಿಸಿ, ದಾಟಬಹುದಾದ ಅಡ್ಡಿಯನ್ನಾಗಿ ಮಾರ್ಪಡಿಸಿದೆ ಎಂದು ಓದಲು ಅವಕಾಶವಿದೆ. ಬದುಕಿನಲ್ಲಿ ಕಡಿದುಹೋದ ಎಳೆಯನ್ನು ಕಥನದಲ್ಲಿ ಕೂಡಿಸಿದವನು, ತಂದೆಯಿಂದ ಅದೇ ವಿದ್ಯೆಯನ್ನು ಪಡೆದ ಶಿಷ್ಯಶಾಖೆಯ ಮಗ ಎಂಬುದು ಗಮನಾರ್ಹ.

ಆದರೆ ಶಿಷ್ಯರ ಶಾಖೆ ಹೇಳಿದ ಕಥೆಯಲ್ಲಿ ಮನೆಯ ಶಾಖೆಗೆ ದೊರೆತ ಸ್ಥಳ ಕಡಿಮೆ. ಗಂಡನ ಮರಣಾನಂತರ ಮೊಕ್ ಕ್ವಾಯ್ ಲಾನ್ ಹಾಂಗ್ ಕಾಂಗ್‌ಗೆ ಬಂದು, ಮೂಳೆಚಿಕಿತ್ಸೆ ಮಾಡುತ್ತ, ವರಸೆಗಳನ್ನು ಕಲಿಸುತ್ತ ದಶಕಗಳ ಕಾಲ ಬದುಕಿದಳು. ಆಕೆಯ ಗಂಡ ತೆರೆಯ ಮೇಲೆ ಮತ್ತೆ ಮತ್ತೆ ಗೆಲ್ಲುತ್ತಿದ್ದುದು ಅದೇ ನಗರದಲ್ಲಿ. 1991ರಲ್ಲಿ ತ್ಸುಯ್ ಹಾರ್ಕ್ ಹೊಸ ಸರಣಿಯನ್ನು ಆರಂಭಿಸಿದಾಗ ನಾಯಕನ ಜೊತೆಗೆ ಪ್ರೇಮಿಯಾಗಿ ನಿಂತವಳು ವಿದೇಶದಲ್ಲಿ ಓದಿ ಬಂದ ಹದಿಮೂರನೆಯ ಚಿಕ್ಕಮ್ಮನೆಂಬ ಕಲ್ಪಿತ ಪಾತ್ರ. ಎಲ್ಲರೆದುರು ಗುರುವನ್ನು ಗದರಿದ ಮೊಕ್ ಕ್ವಾಯ್ ಲಾನ್ 1982ರಲ್ಲಿಯೇ ತೀರಿಕೊಂಡಿದ್ದಳು. ಅದಕ್ಕೆ ಹಿಂದಿನ ವರ್ಷವಷ್ಟೇ ಲಾವ್ ಕಾರ್ ಲಿಯಾಂಗ್‌ನ 'ಮಾರ್ಷಲ್ ಕ್ಲಬ್' ಚಿತ್ರದಲ್ಲಿ ಗೋರ್ಡನ್ ಲಿಯು ಮತ್ತೊಮ್ಮೆ ಆಕೆಯ ಗಂಡನಾಗಿ, ಇನ್ನೂ ಮದುವೆಯಾಗದ ತರುಣನಾಗಿ ಕಾಣಿಸಿಕೊಂಡಿದ್ದ.